ಏಳನೆಯ ಪ್ರಶ್ನೆ

ಬಾಗಿಲ ಮೇಲಿನ ಹಿತ್ತಾಳೆ ಫಲಕದಲ್ಲಿ ಅವಳ ಪೂರ್ತಿ ಹೆಸರು, ಓದಿದ್ದು, ಪದವಿ ಎಲ್ಲ ಇತ್ತು. ಆದರೆ ಅದನ್ನು ಓದುತ್ತಿದ್ದವನು ಅಂಚೆಯವನೊಬ್ಬನೇ. ಬೀದಿಗೆಲ್ಲ ಅವಳು ಬೆನ್ನಕ್ಕ. ಔಷಧಿ ಮಾತ್ರೆಯ ಗೊಡವೆಯಿಲ್ಲದೆ, ಬರಿಗೈಯಿಂದಲೇ ಕೀಲು, ಸ್ನಾಯುಗಳ ಬಿಗಿ ಸಡಿಲಿಸುವ ಆಸ್ಟಿಯೋಪಥಿ ಅವಳ ಕಸುಬು. ಇಪ್ಪತ್ತಾರು ವರ್ಷಗಳಿಂದ ಲಾಂಡ್ರಿಯ ಮೇಲಿನ ಎರಡು ಕೋಣೆಗಳಲ್ಲಿ ಅವಳ ಚಿಕಿತ್ಸಾಲಯ. ಕೆಳಗೆ ದೊಡ್ಡ ಮಷೀನುಗಳು ತಿರುಗುವಾಗ ಮೇಲಿನ ನೆಲ, ನೆಲದ ಮೇಲಿನ ಮಂಚ, ಮಂಚದ ಮೇಲಿನ ರೋಗಿ ಎಲ್ಲರೂ ಸಣ್ಣಗೆ ನಡುಗುತ್ತಿದ್ದರು. "ಅರ್ಧ ಕೆಲಸ ಕೆಳಗಿನೋರು ಮಾಡ್ಕೊಡ್ತಾರೆ, ಮಿಕ್ಕಿದ್ದು ನಂದು" ಎಂದು ಅವಳು ನಗಿಸುತ್ತಿದ್ದಳು. ನಡು ಹಿಡಿದು ಬಂದವರು ನೆಟ್ಟಗೆ ಮೆಟ್ಟಿಲಿಳಿದು ಹೋಗುತ್ತಿದ್ದರು. ಹಸ್ತಗುಣ ಅಂದರೆ ಅದು ಎಂದು ಜನ ಹೇಳುತ್ತಿದ್ದರು. ಹೇಳಿ ಹೇಳಿ ಅವಳೂ ನಂಬಿದ್ದಳು.

ಆ ನಂಬಿಕೆಗೆ ಪೆಟ್ಟು ಬಿದ್ದದ್ದು ಅಣ್ಣನ ಮಗಳಿಂದ.

ಆ ಹುಡುಗಿಯನ್ನು ಮನೆಯವರೆಲ್ಲ ಕರೆಯುವುದು ಗುಬ್ಬಿ ಎಂದು. ಓಡಿಸುವುದು ಮಾತ್ರ ನಲವತ್ತು ಸೀಟಿನ ಬಸ್ಸು. ಹದಿನೈದನೆಯ ವಯಸ್ಸಿನಿಂದ ಅವಳಿಗೆ ಸೊಂಟನೋವು. ಶಾಲೆ ತಪ್ಪಿಸಿ ಮುದುಡಿ ಮಲಗುತ್ತಿದ್ದಳು. ಅಣ್ಣ ಅವಳನ್ನು ತಂಗಿಯ ಹತ್ತಿರ ಕರೆತರುತ್ತಿದ್ದ. ಮನೆಯಲ್ಲೇ ಇಂಥ ಕೈ ಇರುವಾಗ ಬೇರೆ ಡಾಕ್ಟರು ಯಾಕೆ? ಬೆನ್ನಕ್ಕ ನೋಡುತ್ತಿದ್ದಳು, ಒತ್ತುತ್ತಿದ್ದಳು, ಎರಡು ದಿನ ಹಗುರಾಗುತ್ತಿತ್ತು. ಮತ್ತೆ ಮುಂದಿನ ತಿಂಗಳು ಅದೇ ಕಥೆ. ಗುಬ್ಬಿ ಅತ್ತಾಗ ಅವಳು ಹೇಳುತ್ತಿದ್ದದ್ದೂ ಒಂದೇ ಮಾತು: "ಹೆಣ್ಣಾಗಿ ಹುಟ್ಟಿದ್ಮೇಲೆ ಇದೆಲ್ಲ ಇದ್ದದ್ದೇ ಕಣೇ. ನಾನು ಸಹಿಸ್ಕೊಂಡಿಲ್ವಾ? ಹಲ್ಲು ಕಚ್ಕೊ."

ಒಂಬತ್ತು ವರ್ಷ ಹಲ್ಲು ಕಚ್ಚಿದ ಗುಬ್ಬಿ ಒಂದು ಬೆಳಗ್ಗೆ ಬಸ್ಸನ್ನು ರಸ್ತೆ ಬದಿಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಸ್ಟೀರಿಂಗಿನ ಮೇಲೆ ಕುಸಿದಳು. ಆಸ್ಪತ್ರೆಯಲ್ಲಿ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ನೋಡಿದರು. ಎಂಡೊಮೆಟ್ರಿಯೋಸಿಸ್ ಅಂದರು. ಗರ್ಭಕೋಶದ ಒಳಗಿರಬೇಕಾದಂಥ ಪದರ ಹೊರಗೂ ಬೆಳೆದಿದೆ, ಅಂಡಾಶಯಕ್ಕೆ, ಕರುಳಿಗೆ ಹತ್ತಿಕೊಂಡಿದೆ; ತಿಂಗಳು ತಿಂಗಳು ಅದೂ ಕೆರಳುತ್ತದೆ, ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ಗಾಯವಾಗಿ ಅಂಟಿಕೊಳ್ಳುತ್ತದೆ ಎಂದು ವಿವರಿಸಿದರು. ಅಂಟಿದ್ದರಲ್ಲಿ ಕೆಲವನ್ನು ಬಿಡಿಸಿ ತೆಗೆದರು.

ಬೆನ್ನಕ್ಕ ಆಸ್ಪತ್ರೆಗೆ ಓಡಿದಾಗ ಗುಬ್ಬಿ ಗೋಡೆ ಕಡೆ ತಿರುಗಿ ಮಲಗಿದ್ದಳು.

"ಅತ್ತೆ, ಇಷ್ಟು ವರ್ಷ ನನ್ನ ಬೆನ್ನು ತಿಕ್ಕಿದ್ಯಲ್ಲ. ಒಂದೇ ಒಂದು ಸಲ ಹೊಟ್ಟೆ ವಿಷಯ ಕೇಳಿದ್ಯಾ?"

ಬೆನ್ನಕ್ಕ ತಂದಿದ್ದ ಹಣ್ಣಿನ ಚೀಲವನ್ನು ಮೇಜಿನ ಮೇಲಿಟ್ಟು ಹೊರಬಂದಳು.

ಇದಾಗಿ ಮೂರು ವಾರಕ್ಕೆ ಅವಳ ಕಸುಬಿನವರ ಸಂಘದಿಂದ ಒಂದು ಪತ್ರ ಬಂತು. ಎಂಡೊಮೆಟ್ರಿಯೋಸಿಸ್ ಇರುವವರ ಆರೈಕೆ ಕುರಿತು ಆಸ್ಟಿಯೋಪಥಿಯವರಿಗೆ ಎರಡು ದಿನದ ತರಬೇತಿ. ಇಂಥ ಪತ್ರಗಳನ್ನು ಓದದೆಯೇ ಮಡಚಿ ಅಲುಗಾಡುವ ಮೇಜಿನ ಕಾಲಿಗೆ ಕೊಡುವುದು ಅವಳ ರೂಢಿ. ಇದನ್ನು ಮಾತ್ರ ಎರಡು ಸಲ ಓದಿ, ಅಂದೇ ಹೆಸರು ಬರೆಸಿದಳು.

ತರಬೇತಿ ನಡೆದದ್ದು ಒಂದು ನರ್ಸಿಂಗ್ ಶಾಲೆಯ ಎರಡನೆಯ ಮಹಡಿಯಲ್ಲಿ. ಎಂಟು ಮಡಚುವ ಮಂಚ, ಹದಿನಾರು ಜನ, ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಸೊಂಟದ ಮೂಳೆ. ಬೆನ್ನಕ್ಕನೇ ಎಲ್ಲರಿಗಿಂತ ಹಿರಿಯಳು. ಕಲಿಸುವವಳು ಅವಳಿಗಿಂತ ಹತ್ತು ವರ್ಷ ಚಿಕ್ಕವಳು; ಕುಳ್ಳಗೆ, ಕನ್ನಡಕವನ್ನು ದಾರಕ್ಕೆ ಕಟ್ಟಿ ಕುತ್ತಿಗೆಗೆ ನೇತುಹಾಕಿಕೊಂಡಿದ್ದಳು.

"ಮೊದಲೇ ಒಂದು ಮಾತು ಹೇಳ್ಬಿಡ್ತೀನಿ" ಎಂದು ಅವಳು ಶುರು ಮಾಡಿದಳು. "ನಮ್ಮ ಕೈಯಿಂದ ಈ ಕಾಯಿಲೆ ವಾಸಿ ಆಗಲ್ಲ. ವಾಸಿ ಮಾಡ್ತೀನಿ ಅಂತ ಯಾರಾದ್ರೂ ಬೋರ್ಡು ಹಾಕೋ ಯೋಚನೇಲಿದ್ರೆ ಈಗಲೇ ಮನೆಗೆ ಹೋಗ್ಬಹುದು. ವರ್ಷಗಟ್ಟಲೆ ನೋವು ತಡ್ಕೊಂಡ ಮೈ ಎಲ್ಲಾ ಕಡೆ ಬಿಗಿದಿರುತ್ತೆ. ಆ ಬಿಗಿ ಸ್ವಲ್ಪ ಸಡಿಲಿಸಬಹುದು. ಕೆಲವರಿಗೆ ಅದರಿಂದ ಹಾಯೆನಿಸುತ್ತೆ, ಕೆಲವರಿಗೆ ಇಲ್ಲ. ನಮ್ಮಿಂದ ಖಂಡಿತ ಆಗೋದು ಒಂದೇ. ಸರಿಯಾಗಿ ಕೇಳಿ, ಅನುಮಾನ ಬಂದ್ರೆ ಸರಿಯಾದ ಡಾಕ್ಟರ ಹತ್ತಿರ ಕಳಿಸೋದು. ನಾವೇನು ಮಾಡ್ತೀವಿ? ಹೊಟ್ಟೇಲಿ ನೋವಿದ್ರೆ ಬೆನ್ನು ಒತ್ತಿ ಕಳಿಸ್ತೀವಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ."

ಎಲ್ಲರೂ ನಕ್ಕರು. ಬೆನ್ನಕ್ಕ ಪುಸ್ತಕದಲ್ಲಿ ತಾರೀಖು ಬರೆದು, ಅದರ ಕೆಳಗೆ ಗೆರೆ ಎಳೆದಳು. ಮತ್ತೆ ಇನ್ನೊಂದು ಗೆರೆ ಎಳೆದಳು.

ಮಧ್ಯಾಹ್ನ ಕೈಕೆಲಸ. ಹೊಟ್ಟೆಯ ಮೇಲೆ ಅಂಗೈ ಇಟ್ಟು ಉಸಿರಿನ ಜೊತೆ ಹೋಗುವುದು, ಪಕ್ಕೆಲುಬಿನ ಕೆಳಗಿನ ಬಿಗಿ ಗುರುತಿಸುವುದು. ಇದರಲ್ಲಿ ಬೆನ್ನಕ್ಕನನ್ನು ಮೀರಿಸುವವರಿರಲಿಲ್ಲ. ಕಲಿಸುವವಳೇ ಎಲ್ಲರನ್ನೂ ಕರೆದು, "ಈ ಕೈ ನೋಡಿ, ಅವಸರ ಇಲ್ದೆ ಎಷ್ಟು ಕಾಯುತ್ತೆ" ಎಂದು ತೋರಿಸಿದಳು. ಬೆನ್ನಕ್ಕನಿಗೆ ಹಳೆಯ ಹೆಮ್ಮೆ ತಲೆಯೆತ್ತಿತು. ಒಳಗಿನಿಂದ ಯಾರೋ, ಆ ಕೈಯೇ ಅಲ್ಲವೇ ಒಂಬತ್ತು ವರ್ಷ ಏನನ್ನೂ ಹುಡುಕದೆ ಬಿಟ್ಟದ್ದು, ಎಂದಂತಾಗಿ ಅದು ಮತ್ತೆ ತಲೆ ತಗ್ಗಿಸಿತು.

ಎರಡನೆಯ ದಿನ ಬೆಳಗ್ಗೆ ಕೈಗೆ ಕೆಲಸವಿರಲಿಲ್ಲ. ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ಹತ್ತು ಪ್ರಶ್ನೆ. ಇಬ್ಬಿಬ್ಬರು ಜೋಡಿಯಾಗಿ ಒಬ್ಬರು ರೋಗಿಯಂತೆ ನಟಿಸಬೇಕು, ಇನ್ನೊಬ್ಬರು ಕೇಳಬೇಕು. ನಡುವೆ ಬುದ್ಧಿ ಹೇಳುವಂತಿಲ್ಲ. ಬೆನ್ನಕ್ಕನಿಗೆ ಜೋಡಿಯಾಗಿ ಸಿಕ್ಕವನು ಒಬ್ಬ ದೈತ್ಯ ಗಡ್ಡದವ. ಫುಟ್‌ಬಾಲ್ ತಂಡವೊಂದರ ಚಿಕಿತ್ಸಕ. ಕುರ್ಚಿ ಅವನಿಗೆ ಸಾಲದು.

"ಅಕ್ಕಾ, ನಾನು ಹದಿನಾಲ್ಕು ವರ್ಷದ ಕೆಲಸದಲ್ಲಿ ಮೊಣಕಾಲಿಂದ ಮೇಲಕ್ಕೆ ಬಂದವನೇ ಅಲ್ಲ" ಎಂದ ಮೆಲ್ಲಗೆ, ಕಿವಿಯವರೆಗೆ ಕೆಂಪಾಗಿ. "ಈಗ ಮಹಿಳಾ ತಂಡಾನೂ ನನಗೇ ಕೊಟ್ಟಿದಾರೆ. ಅದಕ್ಕೇ ಬಂದೆ. ನಾನು ಏನಾದ್ರೂ ಎಡವಟ್ಟು ಕೇಳಿದ್ರೆ ಬೈದ್ಬಿಡಿ."

"ಕೇಳಪ್ಪ. ನಾನೇನು ಕಚ್ಚಲ್ಲ."

ಅವಳು ಗುಬ್ಬಿಯಂತೆ ನಟಿಸುವುದೆಂದು ನಿಶ್ಚಯಿಸಿದ್ದಳು. ವಯಸ್ಸು ಇಪ್ಪತ್ತನಾಲ್ಕು, ಕೆಲಸ ಬಸ್ ಡ್ರೈವರ್. ಮೊದಲ ಪ್ರಶ್ನೆಗೆ ಸಲೀಸಾಗಿ ಉತ್ತರ ಬಂತು. ಎರಡನೆಯದು, ಮುಟ್ಟು ಶುರುವಾದದ್ದು ಯಾವಾಗ, ಆಗಿನಿಂದಲೂ ನೋವಿತ್ತೇ? ಅವಳು ಬಾಯಿ ತೆರೆದಳು. ಗೊತ್ತಿರಲಿಲ್ಲ. ಗುಬ್ಬಿಯನ್ನು ಅವಳು ಕೇಳಿಯೇ ಇರಲಿಲ್ಲ. ಸುಮ್ಮನೆ ಕೂರುವುದು ಹೇಗೆಂದು ತನ್ನ ನೆನಪಿನಿಂದ ಒಂದು ಉತ್ತರ ತೆಗೆದು ಕೊಟ್ಟಳು. "ಹದಿಮೂರಕ್ಕೆ. ಆಗಿಂದಲೂ."

"ನೋವು ಬಂದಾಗ ಏನು ಮಾಡ್ತೀರಿ?"

"ಬಿಸಿನೀರಿನ ರಬ್ಬರ್ ಚೀಲ ಬಟ್ಟೆ ಒಳಗೆ ಕಟ್ಕೊಂಡು ಕೆಲಸ ಮಾಡ್ತೀನಿ. ಯಾರಿಗೂ ಕಾಣಲ್ಲ."

"ಕೆಲಸಕ್ಕೆ ತೊಂದ್ರೆ ಆಗುತ್ತಾ?"

"ಆ ನಾಲ್ಕು ದಿನ ಭಾರಿ ಆಳುಗಳನ್ನ ತಗೊಳಲ್ಲ. ಸಣ್ಣ ಮಕ್ಕಳು, ತೆಳ್ಳಗಿರೋ ಮುದುಕರು, ಅಷ್ಟೆ. ಪುಸ್ತಕದಲ್ಲಿ ಮೊದಲೇ ಹಾಗೆ ಗುರುತು ಹಾಕಿರ್ತೀನಿ."

ಬಸ್ ಡ್ರೈವರಿಗೆ ಭಾರಿ ಆಳು ಯಾರು ಎಂದು ಗಡ್ಡದವ ಕೇಳಲಿಲ್ಲ. ಒಮ್ಮೆ ಕಣ್ಣೆತ್ತಿ ನೋಡಿ ಮುಂದಿನ ಪ್ರಶ್ನೆಗೆ ಹೋದ. ಶೌಚಕ್ಕೆ ಹೋಗುವಾಗ ನೋವೇ? ಹೌದು. ಗಂಡ ಹೆಂಡತಿ ಕೂಡುವಾಗ? ಹೌದು, ಯಾವಾಗಲೂ, ಹಾಗೇ ಇರುತ್ತೆ ಅಂದುಕೊಂಡಿದ್ದೆ. ಮಕ್ಕಳು? ಆಗಲಿಲ್ಲ. ಯಾಕೆಂದು ನೋಡಿಸಿದಿರಾ? ಇಲ್ಲ. ಒಂದೊಂದು ಉತ್ತರವೂ ಎಲ್ಲೋ ಆಳದಿಂದ, ತೂತು ಬಿದ್ದ ಕೊಡದ ನೀರಿನಂತೆ, ಅವಳನ್ನು ಕೇಳದೆಯೇ ಬರುತ್ತಿತ್ತು.

ಏಳನೆಯ ಪ್ರಶ್ನೆಯನ್ನು ಗಡ್ಡದವ ಎರಡು ಸಲ ಮನಸ್ಸಿನಲ್ಲೇ ಓದಿಕೊಂಡು, ಆಮೇಲೆ ಜೋರಾಗಿ ಓದಿದ.

"ನೋವಿದೆ ಅಂತ ನೀವು ಹೇಳಿದಾಗ, ಮೊದಲು ನಂಬಿದವರು ಯಾರು?"

ಬೆನ್ನಕ್ಕ ಯೋಚಿಸಿದಳು. ಅವ್ವನಿಗೆ ಹೇಳಿದ್ದಳು, ಹದಿನಾಲ್ಕನೆಯ ವಯಸ್ಸಿನಲ್ಲಿ, ಬಚ್ಚಲ ಬಾಗಿಲಲ್ಲಿ ನಿಂತು. ಅವ್ವ ತಿರುಗಿಯೂ ನೋಡದೆ, "ನಾನು ಸಹಿಸ್ಕೊಂಡಿಲ್ವಾ?" ಅಂದಿದ್ದಳು. ಆಮೇಲೆ? ಆಮೇಲೆ ಯಾರಿಗೂ ಹೇಳಿಯೇ ಇರಲಿಲ್ಲ. ಗಂಡ ತಿಂಗಳ ಆ ನಾಲ್ಕು ದಿನವನ್ನು ಅವಳ ಸಿಟ್ಟಿನ ದಿನಗಳು ಎಂದುಕೊಂಡು, ಆ ದಿನಗಳಲ್ಲಿ ಬೆಕ್ಕಿನಂತೆ ಹೆಜ್ಜೆಯಿಡುತ್ತಿದ್ದ. ಪಾಪ, ಅವನದೇನು ತಪ್ಪು?

ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಬಂತು. ಕಣ್ಣಿಂದ ನೀರು ಇಳಿದು ಗದ್ದದವರೆಗೆ ಬಂದ ಮೇಲೇ ಅವಳಿಗೆ ಗೊತ್ತಾದದ್ದು.

ಗಡ್ಡದವ ಹಾಳೆಯನ್ನು ತೊಡೆಯ ಮೇಲೆ ಮಗುಚಿಟ್ಟ. ಸಮಾಧಾನ ಹೇಳಲಿಲ್ಲ. ಸುತ್ತ ಏಳು ಜೋಡಿಗಳ ಗುಜುಗುಜು ನಡೆದೇ ಇತ್ತು.

"ನಿಲ್ಲಿಸ್ಲಾ ಅಕ್ಕಾ?" ಎಂದ ಕೊನೆಗೆ.

"ಇದು ನಟನೆ ಅಲ್ಲಪ್ಪ. ನಂದೇ."

"ಗೊತ್ತಾಯ್ತು. ನಾಲ್ಕನೇ ಪ್ರಶ್ನೇಲೇ ಗೊತ್ತಾಯ್ತು."

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಕಲಿಸುವವಳು ಅವಳ ಪಕ್ಕ ಬಂದು ಕುಳಿತಳು. ಎಲ್ಲ ಕೇಳಿ, "ಇದೇ ಅಂತ ನಾನು ಹೇಳೋಕಾಗಲ್ಲ. ತೋರಿಸ್ಕೊಳ್ಳಿ. ಮನೆತನದಲ್ಲಿ ಒಬ್ಬರಿಗಿದ್ರೆ ಇನ್ನೊಬ್ಬರಿಗೂ ಇರೋ ಸಾಧ್ಯತೆ ಹೆಚ್ಚು" ಎಂದು ಒಬ್ಬ ತಜ್ಞೆಯ ವಿಳಾಸ ಬರೆದುಕೊಟ್ಟಳು.

"ನನಗೆ ಐವತ್ತೊಂದು. ಇನ್ನೇನು ನಿಲ್ಲೋ ಹೊತ್ತು. ಈಗ ತೋರಿಸಿ ಏನು?"

"ಮುಟ್ಟು ನಿಂತರೂ ಒಳಗಿನ ಗಾಯ ಇದ್ದಲ್ಲೇ ಇರಬಹುದು. ಅದೂ ಬೇಡ ಬಿಡಿ. ಮೂವತ್ತೆಂಟು ವರ್ಷ ನಿಮಗೇನಾಗಿತ್ತು ಅಂತ ತಿಳ್ಕೊಳೋದು ಬೇಡ್ವಾ?" ಅವಳು ಕನ್ನಡಕ ಒರೆಸಿಕೊಂಡು ನಕ್ಕಳು. "ತನ್ನ ಬೆನ್ನು ತನಗೆ ಕಾಣಲ್ಲ ಅಂತಾರೆ. ನಮ್ಮ ಕಸುಬಿನೋರಿಗಂತೂ ದೇವರಾಣೆಗೂ ಕಾಣಲ್ಲ."

ಮರುದಿನವೇ ಬೆನ್ನಕ್ಕ ಬಸ್ ಡಿಪೋಗೆ ಹೋದಳು. ಗುಬ್ಬಿಗೆ ಇನ್ನೂ ಬಸ್ಸು ಓಡಿಸಲು ಅನುಮತಿಯಿರಲಿಲ್ಲ; ಕಚೇರಿಯಲ್ಲಿ ಕುಳಿತು ಪಾಳಿಯ ಪಟ್ಟಿ ಬರೆಯುತ್ತಿದ್ದಳು. ಅತ್ತೆಯನ್ನು ಕಂಡು ಎದ್ದವಳು, ಎಲ್ಲರೆದುರು ಮಾತು ಬೇಡವೆಂದು, ತೊಳೆಯಲು ನಿಂತಿದ್ದ ಖಾಲಿ ಬಸ್ಸಿನೊಳಗೆ ಕರೆದೊಯ್ದಳು. ಹೊರಗೆ ಯಾರೋ ಪೈಪಿನಿಂದ ಚಕ್ರಗಳಿಗೆ ನೀರು ಬಿಡುತ್ತಿದ್ದರು.

ಬೆನ್ನಕ್ಕ ಸುತ್ತಿ ಬಳಸಲಿಲ್ಲ. "ತಪ್ಪಾಯ್ತು ಗುಬ್ಬಿ. ನೀನು ಹೇಳಿದ್ದನ್ನ ನಾನು ನಂಬ್ಲಿಲ್ಲ" ಎಂದಳು. ತರಬೇತಿಯ ವಿಷಯ ಹೇಳಿದಳು. ಬಿಸಿನೀರಿನ ಚೀಲದ ವಿಷಯ, ಅವ್ವನ ವಿಷಯ, ಯಾರಿಗೂ ಹೇಳದಿದ್ದನ್ನೆಲ್ಲ ಹೇಳಿದಳು.

ಗುಬ್ಬಿ ಕರಗುತ್ತಾಳೆ ಎಂದು ಅವಳು ಒಳಗೊಳಗೇ ಆಸೆ ಪಟ್ಟಿದ್ದಳೋ ಏನೋ. ಗುಬ್ಬಿಗೆ ಬಂದದ್ದು ಸಿಟ್ಟು.

"ನಿನಗೂ ಇತ್ತಾ? ಹಂಗಿದ್ರೆ ಬೇರೆಯೋರಿಗಿಂತ ನಿನಗೆ ಮೊದಲು ಗೊತ್ತಾಗ್ಬೇಕಿತ್ತಲ್ಲ ಅತ್ತೆ! ನಾನು ನೆಲದ ಮೇಲೆ ಹೊರಳಾಡೋದನ್ನ ನೋಡ್ಕೊಂಡು, ಅದು ಎಂಥದ್ದು ಅಂತ ಗೊತ್ತಿದ್ದೂ, ಹಲ್ಲು ಕಚ್ಕೊ ಅಂದ್ಯಲ್ಲ!"

"ಹೌದು."

"ಹೌದು ಅಂದ್ರೆ?"

"ಹೌದು ಅಂದ್ರೆ ಹೌದು. ನಂದು ನೋವೇ ಅಲ್ಲ ಅಂತ ಅಂದ್ಕೊಂಡಿದ್ದೆ. ಅದಕ್ಕೆ ನಿಂದೂ ಅಲ್ಲ ಅಂದ್ಬಿಟ್ಟೆ."

ಪೈಪಿನ ನೀರು ಕಿಟಕಿಗೆ ಬಡಿದು ಇಳಿಯಿತು. ಗುಬ್ಬಿ ಅದು ಇಳಿಯುವುದನ್ನೇ ನೋಡಿದಳು. ಆಮೇಲೆ ಮೂಗೊರೆಸಿಕೊಂಡು, "ಹೊಲಿಗೆ ಹಾಕಿದ ಜಾಗ ಎಳೆಯುತ್ತೆ. ಡಾಕ್ಟರು ನಿಮ್ಮ ಕಸುಬಿನೋರಿಗೇ ತೋರಿಸು ಅಂದಿದಾರೆ. ಆದ್ರೆ ನಿನ್ನ ಮಂಚದ ಮೇಲೆ ಮಾತ್ರ ನಾನು ಮಲಗಲ್ಲ. ಈಗಲೇ ಹೇಳಿರ್ತೀನಿ" ಎಂದಳು.

ಮಾತು ಎದೆಗೆ ನಾಟಿತು. ಆದರೂ ಬೆನ್ನಕ್ಕ ತಲೆಯಾಡಿಸಿದಳು. "ಬೇಡ. ಒಬ್ಬ ಇದಾನೆ, ಅವನ ಹತ್ರ ಹೋಗು. ಕೇಳೋದು ಗೊತ್ತು ಅವನಿಗೆ. ಫುಟ್‌ಬಾಲ್ ಆಡೋರನ್ನ ನೋಡ್ತಾನೆ."

"ಫುಟ್‌ಬಾಲಿನವನಾ? ನನ್ನೂ ಎತ್ತಿ ಗೋಲಿಗೆ ಒದ್ದುಬಿಟ್ರೆ?"

ಇಬ್ಬರಿಗೂ ನಗು ಬಂತು. ಗುಬ್ಬಿ ಹೊಟ್ಟೆ ಹಿಡಿದುಕೊಂಡು, "ನಗಿಸ್ಬೇಡ, ನೋಯುತ್ತೆ" ಎಂದಳು.

ಆ ವಾರ ಬೆನ್ನಕ್ಕ ಕಪಾಟಿನ ಹಳೆಯ ಕಾರ್ಡುಗಳನ್ನೆಲ್ಲ ನೆಲದ ಮೇಲೆ ಹರಡಿದಳು. ಸೊಂಟನೋವೆಂದು ವರ್ಷಗಟ್ಟಲೆ ಬಂದ ಹೆಂಗಸರು. ಬಂದ ತಾರೀಖುಗಳನ್ನು ಒಂದರ ಕೆಳಗೊಂದು ಇಟ್ಟರೆ ಇಪ್ಪತ್ತೆಂಟು, ಮೂವತ್ತು ದಿನದ ಅಂತರ ಕಣ್ಣಿಗೆ ರಾಚುತ್ತಿತ್ತು. ಹನ್ನೊಂದು ಜನ ಸಿಕ್ಕರು. ಹನ್ನೊಂದು ಜನಕ್ಕೂ ಕೈಯಾರೆ ಪತ್ರ ಬರೆದಳು: ನಾನು ಕೇಳಬೇಕಿದ್ದನ್ನು ಕೇಳಲಿಲ್ಲ, ಸಾಧ್ಯವಾದರೆ ಒಮ್ಮೆ ಬನ್ನಿ, ಇಲ್ಲವೇ ಇಂಥ ಡಾಕ್ಟರನ್ನು ನೋಡಿ. ನಾಲ್ವರು ಬಂದರು. ಒಬ್ಬಳು ಫೋನಿನಲ್ಲಿ ಅರ್ಧ ಗಂಟೆ ಬೈದಳು, ಬೆನ್ನಕ್ಕ ಕೇಳಿಸಿಕೊಂಡಳು. ಒಬ್ಬಳಿಗೆ ಗರ್ಭಕೋಶವನ್ನೇ ತೆಗೆದಾಗಿತ್ತಂತೆ. ಉಳಿದವರ ಸುದ್ದಿ ತಿಳಿಯಲಿಲ್ಲ.

ತಜ್ಞೆ ಗೊತ್ತು ಮಾಡಿದ್ದ ತನ್ನ ಸ್ಕ್ಯಾನಿಂಗಿನ ದಿನವನ್ನು ಮಾತ್ರ ಅವಳು ಎರಡು ಸಲ ಮುಂದೂಡಿದಳು. ಮೂರನೆಯ ಸಲ ಗುಬ್ಬಿಯೇ ಬಂದು ಬಾಗಿಲು ತಟ್ಟಿದಳು. ಗಡ್ಡದವನ ಹತ್ತಿರ ನಾಲ್ಕು ಸಲ ಹೋಗಿ ಬಂದು ಸ್ವಲ್ಪ ನೆಟ್ಟಗೆ ನಿಲ್ಲುತ್ತಿದ್ದಳು. ಆದರೂ ಒಂದೊಂದು ದಿನ ನೋವು ಇದ್ದೇ ಇರುತ್ತಿತ್ತು.

"ಅಪ್ಪ ಹೇಳ್ದ, ನೀನು ಕಳ್ಳಾಟ ಆಡ್ತಿದೀಯಂತೆ. ಹೊರಡು."

ತಜ್ಞೆ ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು. ಒಂದು ಕಡೆಯ ಅಂಡಾಶಯ ಗರ್ಭಕೋಶದ ಹಿಂಬದಿಗೆ ಅಂಟಿಕೊಂಡು ಕೂತಿತ್ತು. ಹಳೆಯದು, ಬಹಳ ಹಳೆಯದು. ಈಗ ಕೊಯ್ಯಬೇಕೆಂದೇನಿಲ್ಲ, ನೋಡುತ್ತಾ ಹೋಗೋಣ ಎಂದಳು. ಬೆನ್ನಕ್ಕ ಆ ಬೂದುಬಣ್ಣದ ಚಿತ್ರವನ್ನು ಬಹುಕಾಲದ ಮೇಲೆ ಊರಿಗೆ ಬಂದ ನೆಂಟನನ್ನು ನೋಡುವಂತೆ ನೋಡಿದಳು. ಅಳು ಬರಲಿಲ್ಲ. ಎಷ್ಟೋ ದಿನದಿಂದ ಬಿಗಿ ಹಿಡಿದಿದ್ದ ಉಸಿರು ಮಾತ್ರ ಉದ್ದವಾಗಿ ಹೊರಬಂತು.

"ನೋಡಿದ್ಯಾ?" ಎಂದಳು ಗುಬ್ಬಿಗೆ.

"ನೋಡ್ದೆ ಅತ್ತೆ. ಇದೆ."

ಹೊರಬಂದು ನಿಲ್ದಾಣದ ಬೆಂಚಿನಲ್ಲಿ ಇಬ್ಬರೂ ಕುಳಿತರು. ಗುಬ್ಬಿ ನಡುವಿಗೆ ಕೈಕೊಟ್ಟು ಮುಖ ಕಿವುಚಿದಳು. ಬೆನ್ನಕ್ಕನ ಕೈ ರೂಢಿಯಂತೆ ಅತ್ತ ಹೊರಟು, ನಡುದಾರಿಯಲ್ಲೇ ನಿಂತಿತು.

"ಮುಟ್ಲಾ?"

"ಇವತ್ತು ಬೇಡ. ಸ್ವಲ್ಪ ಈ ಕಡೆ ಸರಿದು ಕೂತ್ಕೊ, ಒರಗ್ತೀನಿ."

ಬಸ್ಸು ಬಂದಾಗ ಡ್ರೈವರು ಗಕ್ಕನೆ ನಿಲ್ಲಿಸಿದ. ಹತ್ತಿ ಕುಳಿತ ಗುಬ್ಬಿ ಮನೆ ಮುಟ್ಟುವವರೆಗೂ ಅವನ ಬ್ರೇಕು ಹಾಕುವ ಚಂದವನ್ನು ಬೈಯುತ್ತಲೇ ಇದ್ದಳು.