ಕೈ ತೊಳೆಯುವ ಸಿಂಕು

ಕೈ ತೊಳೆಯಲು ಇಟ್ಟಿದ್ದ ಬೋಗುಣಿಗೆ ಯಾರೋ ಕ್ಯಾಕರಿಸಿ ಉಗುಳಿದ್ದರು. ಮಿಲಿಯಾನಾ ಮುಖ ತಿರುಗಿಸಿಕೊಂಡೇ ಅದನ್ನು ಬೇಲಿಯ ಬುಡಕ್ಕೆ ಸುರಿದು, ಬೂದಿ ಹಾಕಿ ಎರಡು ಸಲ ತಿಕ್ಕಿದಳು.

“ಥೇಟ್ ನಿಮ್ಮಮ್ಮನೇ ನೀನು,” ಎಂದರು ಸಕಿಯುಸಾ ಮಾವ, ಬಂದವರಿಗೆ ಕೊಡಲು ಕಾವಾ ಬೇರಿನ ಪುಡಿಯನ್ನು ನೀರಲ್ಲಿ ಕಲಸುತ್ತ. “ನರ್ಸುಗಳೆಲ್ಲ ನನ್ನ ತಂಗೀನ ಮೋರಿ ಪೊಲೀಸ್ ಅಂತಿದ್ರಂತೆ.”

ಒಳಗೆ ಚಾಪೆಗಳ ಮೇಲೆ ಆ ತಾಯಿಯ, ತೊರಿಕಾಳ, ಶವಪೆಟ್ಟಿಗೆ. ಇಪ್ಪತ್ತೆರಡು ವರ್ಷ ಆಸ್ಪತ್ರೆಯ ತೀವ್ರ ನಿಗಾ ಘಟಕದ ನೆಲ ಒರೆಸಿದವಳು. ಬಸ್ಸಿನ ಮೆಟ್ಟಿಲಿಂದ ಬಿದ್ದು, ಪಕ್ಕೆಲುಬು ಮುರಿದು ಅದೇ ಘಟಕ ಸೇರಿದಳು. ಹನ್ನೊಂದನೇ ದಿನ ಎದೆಯಲ್ಲಿ ಕೀವು ತುಂಬಿ ಸತ್ತಳು.

ಹೊರಗೆ ಕಾರು ನಿಂತಿತು. ಮಾವ ಇಣುಕಿದರು. “ಆಸ್ಪತ್ರೆಯ ಸಿಸ್ಟರ್ ಕೆಲೆರಾ. ತಪ್ಪು ಮನ್ನಿಸಿ ಅಂತ ತಿಮಿಂಗಿಲದ ಹಲ್ಲು ತಂದವ್ಳೆ. ನಾನದನ್ನ ಕೈಗೆ ತಗೊಂಡ್ಮೇಲೆ ಮುಗೀತು, ದೂರು ಗೀರು ಅಂತ ನೀ ಬಾಯಿ ಬಿಡಂಗಿಲ್ಲ. ನಮ್ಮೂರ ಹುಡುಗಿ ಅವಳು.”

*

ಆಸ್ಪತ್ರೆಯಲ್ಲಿ ಅಮ್ಮನ ಹಾಸಿಗೆಯ ತಲೆದಿಸೆಯಲ್ಲೇ ಸಿಂಕು ಇತ್ತು. ಕೈ ತೊಳೆಯಲೆಂದು ಹಾಕಿಸಿದ್ದು. ಕೊಳೆ ಸುರಿಯುವ ಕೋಣೆ ಕಾರಿಡಾರಿನ ಕೊನೆಗಿತ್ತು. ರೋಗಿಗಳ ಗಂಟಲಿಂದ ಎಳೆದ ಹಳದಿ ಕಫದ ಜಾಡಿಯನ್ನು ಕೆಲೆರಾ ಸಿಂಕಿಗೇ ಬಗ್ಗಿಸಿ ನಲ್ಲಿ ಬಿಟ್ಟಳು. ನೀರು ಸಿಂಕಿನ ಮೋರಿಯ ಬಾಯಿಗೆ ಬಡಿದು ಹಾಸಿಗೆಯ ತನಕ ಸಿಡಿಯಿತು. ಬಾಯಲ್ಲಿ ಉಸಿರಿನ ಕೊಳವೆಯಿದ್ದ ತೊರಿಕಾ ಸಿಂಕಿನತ್ತ ಬೆರಳು ಮಾಡಿದಳು. ಮತ್ತೆ ಮಾಡಿದಳು.

“ಬಾಯಾರಿಕೇನಾ ಅಮ್ಮಾ?”

ಮಿಲಿಯಾನಾ ಅದೇ ನಲ್ಲಿಯಲ್ಲಿ ಹತ್ತಿ ನೆನೆಸಿ ತುಟಿ ಒರೆಸಿದಳು. ತಾಯಿ ಕಣ್ಣು ಮುಚ್ಚಿಕೊಂಡಳು.

ಆಮೇಲೆ ಡಾಕ್ಟರು ಹೇಳಿದ್ದರು: ಎದೆಯ ಕೀವಿನಲ್ಲೂ ಸಿಂಕಿನ ಮೋರಿಯಲ್ಲೂ ಒಂದೇ ಕ್ರಿಮಿ.

*

ಕೆಲೆರಾ ಮಂಡಿಯೂರಿ ಹಲ್ಲನ್ನು ಮುಂದೆ ಹಿಡಿದಳು. “ನಮ್ಮಿಂದ ಏನಾದ್ರೂ ತಪ್ಪಾಗಿದ್ರೆ ಇಲ್ಲಿಗೇ ಬಿಟ್ಬಿಡಿ, ಅಣ್ಣಾ.”

ಮಾವ ಕೈ ಚಾಚಿದರು.

“ಜಾಡಿ ಈಗ್ಲೂ ಅಲ್ಲೇ ಸುರೀತೀರಾ ಸಿಸ್ಟರ್?” ಮಿಲಿಯಾನಾಳ ದನಿ ಅವಳಿಗೇ ಅಪರಿಚಿತವಾಗಿತ್ತು.

“ಸುಮ್ನಿರೇ,” ಎಂದರು ಮಾವ.

“ಅಮ್ಮನ ಹಾಸಿಗೇಲಿ ಈಗ ಇನ್ಯಾರೋ ಮಲಗಿರ್ತಾರೆ, ಮಾವ.”

ಕೆಲೆರಾ ತಲೆ ತಗ್ಗಿಸಿದಳು. “ಎಲ್ರೂ ಅಲ್ಲೇ ಸುರಿಯೋದು ಕಣಮ್ಮಾ. ಆ ಕೋಣೆ ದೂರ.”

ಮಾವನ ಕೈ ಗಾಳಿಯಲ್ಲೇ ತಡೆದು, ಮೆಲ್ಲಗೆ ಹಿಂದೆ ಸರಿದು ತೊಡೆಯ ಮೇಲೆ ಬಿತ್ತು. ಕೆಲೆರಾ ಹಲ್ಲನ್ನು ಚಾಪೆಯ ಮೇಲಿಟ್ಟಳು. ಬೇಲಿಯ ಬುಡದಿಂದ ಎದ್ದ ನೊಣವೊಂದು ಒಳಬಂದು ಅದರ ಮೇಲೆ ಕೂತು, ಮುಂಗಾಲುಗಳನ್ನು ಒಂದಕ್ಕೊಂದು ಉಜ್ಜಿಕೊಳ್ಳತೊಡಗಿತು. ಯಾರೂ ಅಟ್ಟಲಿಲ್ಲ.