ಹಯವದನನಿಗೆ ವಾಸಿಯಾಯಿತು

ದೀಪ ಹಚ್ಚುವ ಹೊತ್ತಿಗೇ ರಮಾಮಣಿ ನಡುಮನೆಯ ಕಿಟಕಿಗಳಿಗೆಲ್ಲ ಪರದೆ ಎಳೆದಳು. ವಡೋದರಾಕ್ಕೆ ಬಂದು ನಾಲ್ಕು ವರ್ಷವಾಗಿದ್ದರೂ ಸಂದು ಉಳಿದಿದೆಯೇ ಎಂದು ಅವಳು ಎರಡೆರಡು ಸಲ ನೋಡುವುದು ನಿಂತಿರಲಿಲ್ಲ.

ಗುಜರಾತಿನಲ್ಲಿ ಮದ್ಯ ನಿಷೇಧ. ಡಾಕ್ಟರು ಬರೆದುಕೊಟ್ಟರೆ ಕಾಯಿಲೆಯವರಿಗೆ ಸರ್ಕಾರ ಕುಡಿಯಲು ಪರ್ಮಿಟ್ ಕೊಡುತ್ತಿತ್ತು. ಅವಳ ಗಂಡ ಹಯವದನನಿಗೆ ಪರ್ಮಿಟ್ ಇತ್ತು. ಕಾಯಿಲೆಯೂ ಇರಲಿಲ್ಲ, ಕುಡಿತವೂ ಇರಲಿಲ್ಲ. ಕುಡಿಯುವವರು ಅವನ ಬ್ಯಾಂಕಿನ ದೊಡ್ಡ ಸಾಹೇಬರು, ಧಾರವಾಡದ ಲಿಂಗರಾಜರು. ಅವರ ಹೆಂಡತಿ ಮನೆಯೊಳಗೆ ಬಾಟಲಿ ಬಿಟ್ಟುಕೊಳ್ಳುವವಳಲ್ಲ. ಹಾಗಾಗಿ ಡಾಕ್ಟರ ಚೀಟಿಯಲ್ಲಿ ನಿದ್ದೆ ಬಾರದ ರೋಗ ಹಯವದನನಿಗೆ ಬಂತು, ಬಾಟಲಿ ಅವನ ಮನೆಗೆ ಬಂತು.

ಮೈಸೂರಿಗೆ ವರ್ಗ ಮಾಡಿಸುವುದೂ ಲಿಂಗರಾಜರ ಕೈಯಲ್ಲೇ ಇತ್ತು. ಅಲ್ಲಿ, ಅವಳನ್ನು ಕತೆ ಹೇಳಿ ಬೆಳೆಸಿದ ಅಜ್ಜಿ ಒಂದೊಂದೇ ಕತೆಯನ್ನು ಮರೆಯುತ್ತಿದ್ದಳು. ಪೂರ್ತಿ ಮರೆಯುವ ಮೊದಲು ಹೋಗಿ ಸೇರಬೇಕು. ರಮಾಮಣಿಗೆ ಬೇಕಾಗಿದ್ದು ಅಷ್ಟೇ.

ಹಯವದನ ಮದ್ಯದ ವಾಸನೆ ಬಣ್ಣಿಸುವುದನ್ನು ಕೇಳಿಸಲು ಲಿಂಗರಾಜರು ಮುಂಬಯಿಯ ಇಬ್ಬರು ಅಧಿಕಾರಿಗಳನ್ನು ಕರೆದುಕೊಂಡು ಬಂದರು. ಮೇಜಿನ ಮೇಲೆ ಮೂರು ಬಾಟಲಿ, ಪುಟ್ಟ ಪುಟ್ಟ ಗ್ಲಾಸು, ತಟ್ಟೆಯಲ್ಲಿ ಕಡಲೆಹಿಟ್ಟಿನ ಗಾಂಠಿಯಾ.

"ಮೊದಲು ಮೂಗು, ಆಮೇಲೆ ನಾಲಿಗೆ," ಹಯವದನ ಪೂಜೆ ಮಾಡಿಸುವ ಪುರೋಹಿತನಂತೆ ಹೇಳಿದ. ನೀರು ತರುವ ನೆಪದಲ್ಲಿ ಗ್ಲಾಸು ಹಿಡಿದು ಅಡುಗೆಮನೆಗೆ ಬಂದ. "ಬೇಗ ಹೇಳೇ, ಇದೇನು?"

ರಮಾಮಣಿ ಮೂಸಿದಳು. "ಆಲೆಮನೆ. ಬೆಲ್ಲ ಇನ್ನೇನು ಪಾಕಕ್ಕೆ ಬರ್ತಿದೆ. ಪಕ್ಕದಲ್ಲಿ ಯಾರೋ ಕಿತ್ತಳೆ ಸುಲೀತಿದಾರೆ."

ಹಯವದನ ಹೊರಗೆ ಹೋಗಿ ಅದನ್ನೇ ಹಿಂದಿಯಲ್ಲಿ ಒಪ್ಪಿಸಿದ. "ವಾಹ್!" ಎಂದರು ಅಧಿಕಾರಿಗಳು. ಪ್ರತಿ ಸಲವೂ ಹೀಗೇ. ತಾನೇ ಮೂಸಿದರೆ ಅವನಿಗೆ ಟಿಂಚರ್ ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ.

ಎರಡನೆಯದು ಬಚ್ಚಲೊಲೆಯ ಹೊಗೆ, ಸೊಂಟಕ್ಕೆ ಹಚ್ಚುವ ಎಣ್ಣೆ. ಅದಕ್ಕೂ ವಾಹ್.

ಆ ಹುರುಪಿನಲ್ಲೇ ಹಯವದನ ಕೇಳಿಬಿಟ್ಟ. "ಸರ್, ಮೈಸೂರಿನ ನನ್ನ ಅರ್ಜಿ..."

"ಏ ಬಿಡೋ ಮಾರಾಯಾ!" ಲಿಂಗರಾಜರು ಅವನ ಬೆನ್ನಿಗೆ ಹೊಡೆದರು. "ನಿನ್ನಂಥಾವನ್ನ ಕಳಿಸಿದರ ನಮಗ ಇದರ ರುಚಿ ಹೇಳವ್ರು ಯಾರು? ಇನ್ನೊಂದು ಮೂರ್ ವರ್ಷ ಅರಾಮ ಇರು ಇಲ್ಲೇ."

ಅಡುಗೆಮನೆಯಲ್ಲಿ ರಮಾಮಣಿ ಗೋಡೆಗೆ ಒರಗಿದಳು. ಅಜ್ಜಿಯ ಕತೆಯಲ್ಲೊಬ್ಬ ರಾಕ್ಷಸನಿದ್ದ. ಒಗಟು ಬಿಡಿಸಿದವರನ್ನು ಬಿಟ್ಟುಬಿಡುತ್ತೇನೆ ಅನ್ನುತ್ತಿದ್ದ; ಬಿಡಿಸಿದವರಿಗೆ ಇನ್ನೊಂದು ಒಗಟು ಕೊಡುತ್ತಿದ್ದ. ನಾಲ್ಕು ವರ್ಷ ತಾನು ಬಿಡಿಸಿದ್ದೇ ಬಿಡಿಸಿದ್ದು. ಆ ಕತೆ ಹೇಗೆ ಮುಗಿಯುತ್ತಿತ್ತು? ನೆನಪಿಗೆ ಬರಲಿಲ್ಲ. ಕೇಳಿದರೆ ಅಜ್ಜಿಗಾದರೂ ಬರುತ್ತದೋ ಇಲ್ಲವೋ.

ಹಯವದನ ಮೂರನೆಯ ಗ್ಲಾಸು ತಂದ. ಅವಳು ಮೂಸಲೂ ಇಲ್ಲ.

"ಸಾಕಾಗಿದೆ ಕಣ್ರೀ. ನೀವೇ ಏನಾದ್ರೂ ಹೇಳಿ."

ಅವನು ಗ್ಲಾಸನ್ನೂ ನೋಡಿದ, ಅವಳ ಮುಖವನ್ನೂ ನೋಡಿದ. ಗ್ಲಾಸು ಹಿಡಿದೇ ಹೊರಗೆ ಹೋದ.

"ಹೇಳಪಾ, ಇದರಾಗ ಏನೈತಿ?"

"ಏನೂ ತಿಳೀತಿಲ್ಲ ಸರ್." ಹಯವದನ ಗ್ಲಾಸನ್ನು ಮೇಜಿನ ಮೇಲಿಟ್ಟ. "ಇನ್ನೊಂದು ಮಾತು. ಮುಂದಿನ ತಿಂಗಳು ಪರ್ಮಿಟ್ ಮುಗಿಯುತ್ತೆ. ಮತ್ತೆ ಮಾಡಿಸಲ್ಲ."

"ಯಾಕ?"

"ವಾಸಿಯಾಗಿದೆ ಸರ್. ಈಗ ನಿದ್ದೆ ಚೆನ್ನಾಗಿ ಬರುತ್ತೆ."

ಲಿಂಗರಾಜರು ನಗಲು ಬಾಯಿ ತೆರೆದವರು ಅವನ ಮುಖ ನೋಡಿ ಮುಚ್ಚಿಕೊಂಡರು. ಮೂರನೆಯ ಬಾಟಲಿಯನ್ನು ಹಾಗೇ ಬಿಟ್ಟು ಮೂವರೂ ಊಟಕ್ಕೂ ನಿಲ್ಲದೆ ಎದ್ದು ಹೋದರು.

ರಮಾಮಣಿ ಪರದೆ ಸರಿಸಿ ಕಿಟಕಿ ತೆರೆದಳು. ಹಯವದನ ಗ್ಲಾಸುಗಳನ್ನು ಒಟ್ಟುಮಾಡುತ್ತಿದ್ದ.

"ವರ್ಗ ಇನ್ನು ಕನಸಿನ ಮಾತು," ಎಂದ.

"ಇಷ್ಟು ದಿನ ಏನಾಗಿತ್ತು ಮತ್ತೆ?" ಅವಳು ಅವನ ಕೈಯಿಂದ ಗ್ಲಾಸು ತೆಗೆದುಕೊಂಡಳು. "ರಜಾ ಹಾಕ್ರೀ. ಹದಿನೈದೇ ದಿನ ಸಿಕ್ಕರೂ ಸರಿ. ಒಂದು ಕತೆಯ ಕೊನೆ ಕೇಳ್ಕೊಂಡು ಬರಬೇಕು."