ಸೀಟಿನ ಮೇಲಿನ ಚೀಲ

ಕಂಪ್ಯೂಟರ್ ಪರದೆಯ ಮೇಲೆ ಪರೀಕ್ಷೆಯ ಸಾಲುಗಳೆಲ್ಲ ಹಸಿರಾದಾಗ, ಕಂಪನಿ ನಡೆಸುವ ಅಮೋಘಸಿದ್ದ ಸರ್ ಎಲ್ಲರಿಗೂ ಚಹಾ ತರಿಸಿದರು. ನನಗೆ ಮಾತ್ರ ಮೈಯೆಲ್ಲ ಉರಿಯಿತು.

ಜಹೀರಾಬಾದಿನ ಹೆದ್ದಾರಿ ಬದಿಯ ನಮ್ಮ ಸಣ್ಣ ಕಂಪನಿ, ಟ್ರ್ಯಾಕ್ಟರಿನಿಂದ ಓಡುವ ಮೇವು ಕತ್ತರಿಸುವ ಯಂತ್ರಕ್ಕೆ ಕಾವಲು ಸಾಫ್ಟ್‌ವೇರ್ ಮಾಡುತ್ತಿತ್ತು. ಚಾಲಕ ಎದ್ದರೆ ಯಂತ್ರ ತಾನೇ ನಿಲ್ಲಬೇಕು; ಯಾರದಾದರೂ ಕೈಯೋ ಸೆರಗೋ ಸಿಕ್ಕರೆ ಬಂದ್ ಮಾಡಲು ಸೀಟಿನಲ್ಲಿ ಒಬ್ಬ ಇರಲೇಬೇಕು. ಸರ್ ಇದನ್ನೆಲ್ಲ ಮೊದಲು ಮಾಡೆಲ್ ಆಗಿ ಬರೆದಿದ್ದರು: ಒಂದೊಂದು ಸ್ಥಿತಿಗೆ ಒಂದೊಂದು ದುಂಡನೆ ಗುರುತು, ನಡುವೆ ಬಾಣಗಳು. ಆ ಚಿತ್ರದಿಂದ ಕಂಪ್ಯೂಟರ್ ಸಾಫ್ಟ್‌ವೇರನ್ನೂ ಹೆಣೆಯುತ್ತಿತ್ತು, ಅದರ ಪರೀಕ್ಷೆಗಳನ್ನೂ ಹೆಣೆಯುತ್ತಿತ್ತು. ಪಾಸು ಮಾಡುವ ಹೊಣೆ ನನ್ನದು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಒಬ್ಬರಿಗೊಬ್ಬರು ಸಾಕ್ಷಿ ಹೇಳಿದರೆ ಹಸಿರಲ್ಲದೆ ಇನ್ನೇನು ಬಂದೀತು?

ಆ ಚಿತ್ರದಲ್ಲಿ ಸೀಟಿನ ಮೇಲೆ ಭಾರ ಇದ್ದರೆ ಮನುಷ್ಯ ಇದ್ದಾನೆ ಎಂದೇ ಲೆಕ್ಕ. ಮೊದಲ ಯಂತ್ರವನ್ನು ಬಳಸಿ ನೋಡಲೆಂದು ಸಿರ್ಗಾಪುರದ ನನ್ನ ತವರಿಗೆ ಕೊಟ್ಟಿದ್ದರು. ನನ್ನಣ್ಣ ಸಂಗು ಅದು ಬಂದ ದಿನ ಹೊತ್ತು ಮುಳುಗುವುದರೊಳಗೆ ಅದನ್ನು ಪಳಗಿಸಿದ್ದ. ಅವ್ವ ಫೋನಿನಲ್ಲಿ ಹೆಮ್ಮೆಪಟ್ಟಳು: "ಎದ್ದಾಗೊಮ್ಮೆ ನಿಲ್ತದವ್ವ ಜಗದೇವಿ. ಅದಕ್ಕ ನಿಮ್ಮಣ್ಣ ಸೀಟಿನ ಮ್ಯಾಲ ಜ್ವಾಳದ ಚೀಲ ಇಟ್ಟು ಮೇವು ತರಾಕ ಹೋಗ್ತಾನ. ನಾ ಒಬ್ಬಾಕಿನೇ ಯಂತ್ರಕ್ಕ ಮೇವು ಹಾಕ್ಕೋತ ನಿಂದರ್ತೀನಿ."

ಇದನ್ನು ಸರ್‌ಗೆ ಹೇಳಿದ್ದೆ. ಚಿತ್ರದಲ್ಲಿಲ್ಲದ್ದಕ್ಕೆ ಪರೀಕ್ಷೆಯಿಲ್ಲ ಎಂದರು. ಊರಿಗೆ ಹೋಗಿ ಕಣ್ಣಾರೆ ನೋಡಿ ಎಂದರೆ, ಪ್ರತ್ಯೇಕ ತೆಲಂಗಾಣಕ್ಕಾಗಿ ಸಮ್ಮೆ ನಡೆದಿದೆ, ಎಲ್ಲ ಬಂದ್, ಬಸ್ಸೆಲ್ಲಿದೆ ಎಂದು ನಕ್ಕರು. ಸಾಲೆ ಮುಚ್ಚಿದ್ದರಿಂದ ಮಗಳನ್ನು ನೆರೆಮನೆಯಲ್ಲಿ ಬಿಟ್ಟು ದಿನಾ ನಡೆದೇ ಬರುತ್ತಿದ್ದ ನನಗೆ ಸಮ್ಮೆಯ ಪಾಠ! ನೋಡುವವರು ಹೋಗಲು ಗಾಡಿಯಿಲ್ಲ. ಯಂತ್ರಗಳು ನಾರಾಯಣಖೇಡಕ್ಕೂ ತಾಂಡೂರಿಗೂ ಹೋಗಲು ಮಾತ್ರ ಲಾರಿ ಬಂದು ನಿಂತಿತ್ತು.

ಚಹಾ ಅಲ್ಲೇ ಬಿಟ್ಟು ಶೆಡ್ಡಿಗೆ ಹೋದೆ. ಪರೀಕ್ಷೆಯ ಟ್ರ್ಯಾಕ್ಟರ್ ಹತ್ತಿ ಯಂತ್ರ ಶುರು ಮಾಡಿದೆ. ಪಕ್ಕದಲ್ಲಿಟ್ಟುಕೊಂಡಿದ್ದ ಮರಳಿನ ಚೀಲವೊಂದನ್ನು ಸೀಟಿಗೆ ಸರಿಸಿ ಕೆಳಗಿಳಿದೆ. ಯಂತ್ರ ನಿಲ್ಲಲಿಲ್ಲ. ಸದ್ದಿಗೆ ಸರ್ ಓಡಿ ಬಂದರು. ಟ್ರ್ಯಾಕ್ಟರಿಗೆ ಜೋಡಿಸಿದ್ದ ಲ್ಯಾಪ್‌ಟಾಪು 'ಚಾಲಕ ಹಾಜರು' ಎಂದು ತೋರಿಸುತ್ತಿತ್ತು, ಹಸಿರಿನಲ್ಲಿ.

ಇದಕ್ಕೆಂದೇ ಮನೆಯಿಂದ ತಂದಿದ್ದ ಹಳೆಯ ಸೀರೆಯನ್ನು, ಟ್ರ್ಯಾಕ್ಟರಿನಿಂದ ಯಂತ್ರವನ್ನು ಓಡಿಸುವ ತಿರುಗುವ ದಂಡದ ಮೇಲೆ ದೂರದಿಂದಲೇ ಎಸೆದೆ. ರೆಪ್ಪೆ ಬಡಿಯುವುದರೊಳಗೆ ಪೂರ್ತಿ ಸುತ್ತಿಕೊಂಡು ಚಿಂದಿಯಾಯಿತು. ಚಾಲಕ ಇನ್ನೂ ಹಾಜರಿದ್ದ.

ಸರ್ ತಾವೇ ಹತ್ತಿ ಬಂದ್ ಮಾಡಿದರು. "ಚೀಲ ಇಡಬ್ಯಾಡ್ರಿ ಅಂತ ಯಂತ್ರದ ಜೋಡಿ ಕೊಡೋ ಪುಸ್ತಕದಾಗ ಬರದ್ರ ಆತು," ಎಂದರು.

"ನಮ್ಮವ್ವಗ ಓದಾಕ ಬರಂಗಿಲ್ರಿ. ಆಕಿ ಸೀರಿಗೂ ಬರಂಗಿಲ್ಲ."

ಬೇರೆಯವರಿಂದ ಪಾಸು ಮಾಡಿಸುತ್ತೇನೆ, ನಿನ್ನ ನೌಕರಿ ಹೋಗುತ್ತದೆ ಎಂದರು. ಹೋಗಲಿ, ಈ ಚಿಂದಿಯನ್ನೇ ಗೇಟಿಗೆ ಕಟ್ಟಿ ಹೋಗುತ್ತೇನೆ, ಲಾರಿಯವನೂ ನೋಡಲಿ ಎಂದೆ. ಲಾರಿಯವನು ಆಗಲೇ ನೋಡುತ್ತಿದ್ದ. ಹೋದಲ್ಲೆಲ್ಲ ಇವನು ಇದನ್ನು ಹೇಳದೆ ಬಿಡುವುದಿಲ್ಲ ಎಂದು ಅವನ ಮುಖ ಕಂಡೇ ಗೊತ್ತಾಗಿ ಸರ್ ಕಂಪ್ಯೂಟರಿನ ಮುಂದೆ ಕುಳಿತರು. ಚಿತ್ರದಲ್ಲಿ ಇನ್ನೊಂದು ಸ್ಥಿತಿ ಬರೆದರು: ಭಾರವಿದೆ, ಮನುಷ್ಯನಿಲ್ಲ. ಕಂಪ್ಯೂಟರ್ ಹೊಸ ಪರೀಕ್ಷೆಗಳನ್ನು ಹೆಣೆದು ಹಳೆಯ ಸಾಫ್ಟ್‌ವೇರಿನ ಮೇಲೆ ಓಡಿಸಿತು. ಸಾಲು ಸಾಲಾಗಿ ಕೆಂಪು. ಲಾರಿ ಖಾಲಿಯಾಗಿ ಹೊರಟಿತು.

ನನ್ನ ಸಿಟ್ಟು ಇಳಿದಿರಲಿಲ್ಲ. ಅಲ್ಲಿಂದಲೇ ಅಣ್ಣನಿಗೆ ಫೋನು ಹಚ್ಚಿ, ಆ ದಂಡ ಈಗಲೇ ಬಿಚ್ಚು ಎಂದೆ. ದನಗಳಿಗೆ ಮೇವು ಯಾರು ಕತ್ತರಿಸುತ್ತಾರೆ, ನಿನ್ನ ಕಂಪನಿಯವರೇನು ಎಂದು ಅವನು ಅಣಕಿಸಿದ.

"ಕುಡಗೋಲು ಅದ ಇಲ್ಲೋ ಮನ್ಯಾಗ? ಮೊದಲ ಬಿಚ್ಚು. ಬಿಚ್ಚೋತನ ನಾ ಫೋನ್ ಇಡಂಗಿಲ್ಲ."

ಅವನು ಗೊಣಗುತ್ತ ಬೋಲ್ಟು ಬಿಚ್ಚುವ ಪಾನಾ ಹುಡುಕುವ ಸದ್ದು ಕೇಳಿಸಿತು. ದಂಡದ ಕಬ್ಬಿಣ ನೆಲಕ್ಕೆ ಬಿದ್ದ ಸದ್ದು ಬರುವವರೆಗೆ ಫೋನು ಕಿವಿಗೆ ಹಿಡಿದೇ ನಿಂತೆ.